ಈಶಾ ಮಲಗುವ ಮನೆ

ಸ್ಟ್ರೀಟ್ಸ್‌ವಿಲ್
೨೧ ಆಗಸ್ಟ್ ೨೦೨೫

ಚಿರಂಜೀವಿ ಸೌಮ್ಯಾಳಿಗೆ, ನಿನ್ನ ಶಿವಲಿಂಗಪ್ಪ ಮಾಮಾ ತಲೆ ಮೇಲೆ ಕೈಯಿಟ್ಟು ಬರೆಯುವುದು.

ನಾವೂ ನಿನ್ನ ಮಗಳು ಈಶಾಳೂ ಆರಾಮ ಇದ್ದೇವೆ. ರಾತ್ರಿ ಪಾಳಿಯ ನಡುವೆ ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದುಕೊಂಡಿದ್ದೇನೆ. ನೀನು ಪಗಾರದ ಚೀಟಿಯ ಫೋಟೋ ಕಳಿಸಿ ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ನೀನಿರುವ ನಾರ್ತ್ ಯಾರ್ಕ್ ಏನು ದೂರ, ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಕೈಗೆ ಬಂದರೆ ನಾನು ವಿಷಯ ಬಿಟ್ಟು ನನ್ನ ಪ್ರತಾಪವನ್ನೇ ಹೇಳುತ್ತೇನಂತೆ. ಹೀಗೆನ್ನುವವಳು ನಿನ್ನ ಅತ್ತೆ ದ್ರಾಕ್ಷಾಯಿಣಿ. “ಬರದು ಕಳಸ್ರಿ. ಕಾಗದದಾಗರೆ ಸುಳ್ಳು ಕಡಿಮಿ ಆಗ್ತಾವು,” ಅಂದಳು.

ಮಗುವನ್ನು ಸಾಕಲೆಂದು ಸರ್ಕಾರ ಕೊಟ್ಟಿದ್ದ ಮಕ್ಕಳ ಭತ್ಯೆಯ ದುಡ್ಡನ್ನು ಪೂರ್ತಿ ತಿರುಗಿ ಕಟ್ಟಿದ ಮೇಲೂ ಪಗಾರದಲ್ಲಿ ಟ್ಯಾಕ್ಸು ಹೆಚ್ಚು ಹಿಡಿಯುತ್ತಿದ್ದಾರೆ, ಯಾಕೆ ಎಂದು ಕೇಳಿದ್ದೀ. ನೋಡು, ನಾನು ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಮಾತ್ರ ಓದಿದವನು. ಆದರೂ ಬ್ರೆಡ್ಡಿನ ಕಾರ್ಖಾನೆಗೆ ಸೇರಿದ ವರ್ಷದಿಂದ ಇವತ್ತಿನವರೆಗೆ ನನ್ನ ಟ್ಯಾಕ್ಸನ್ನು ನಾನೇ ತುಂಬಿದ್ದೇನೆ. ನಿನ್ನ ಚೀಟಿ ನೋಡಿದ ಕೂಡಲೇ ಇದು ಟ್ಯಾಕ್ಸ್ ಇಲಾಖೆಯವರ ಮೋಸವೇ ಎಂದು ತೀರ್ಮಾನಿಸಿ, ಒಟ್ಟಾವಾದಲ್ಲಿ ಕೂತವರಿಗೆ ಬೆವರು ಬಿಡಿಸುವಂಥ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಬಹಳ ಚಲೋ ಬಂದಿತ್ತು. ಅಂಚೆಗೆ ಹಾಕುವ ಮೊದಲು ನಾಲ್ಕು ಜನ ನೋಡಿ ಹೊಗಳಲಿ ಎಂದು ಥಾರ್ನ್‌ಹಿಲ್ಲಿನ ಮುಕುಂದನ ಮನೆಗೆ ಒಯ್ದೆ. ಅವನು ಮೈಸೂರಿನ ಕಡೆಯವನು, ಒಂದು ಕಂಪನಿಯಲ್ಲಿ ಅಕೌಂಟೆಂಟು.

ಓದಿದ. ಹೊಗಳಲಿಲ್ಲ. “ಅಂಕಲ್, ಇದನ್ನ ಕಳಿಸ್ಬೇಡಿ. ಅವ್ರದ್ದೇನೂ ಮಿಸ್ಟೇಕ್ ಇಲ್ಲ,” ಅಂದ.

“ಆಕಿ ರೊಕ್ಕ ಕಟ್ಟಿ ಮುಗಿಸ್ಯಾಳೋ ಮಾರಾಯಾ. ಮತ್ತ್ಯಾಕ ಹಿಡೀತಾರ?”

“ಭತ್ಯೆ ಬಾಕಿ ಕ್ಲೋಸ್ ಆಗಿದೆ, ಅಂಕಲ್. ಇದು ಬೇರೇನೇ. ಸಂಬಳದಲ್ಲಿ ಸೌಮ್ಯಾ ಅವ್ರ ಕ್ಲೇಮ್ ಕೋಡ್ ಇಳಿದಿದೆ ನೋಡಿ.”

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆಸ್ಪತ್ರೆಯ ಕೆಲಸಕ್ಕೆ ಸೇರುವಾಗ ನೀನು ಒಂದು ಹಾಳೆ ತುಂಬಿ ಕೊಟ್ಟಿದ್ದೆ: ಗಂಡ ಜೊತೆಗಿಲ್ಲ, ಮಗಳು ನನ್ನ ಹತ್ತಿರ ಇದ್ದಾಳೆ ಎಂದು. ಒಂಟಿಯಾಗಿ ಮಗು ಸಾಕುವವರ ಸಂಬಳದಲ್ಲಿ ಒಂದಿಷ್ಟು ಭಾಗಕ್ಕೆ ಟ್ಯಾಕ್ಸು ಹಾಕುವುದಿಲ್ಲ. ಆ ಹಾಳೆ ನೋಡಿ ಪಗಾರದ ಆಫೀಸಿನವರು ಒಂದು ಕೋಡು ಕೊಡುತ್ತಾರೆ, ಕೋಡು ದೊಡ್ಡದಿದ್ದರೆ ಹಿಡಿಯುವುದು ಕಡಿಮೆ. ಆಮೇಲೆ ಮಗು ಎಲ್ಲಿದೆ ಎಂದು ಇಲಾಖೆಯವರು ಕೇಳಿದಾಗ ನೀನು ಇದ್ದದ್ದನ್ನೇ ಬರೆದೆ: ಒಂದನೇ ತರಗತಿಯಿಂದ ನನ್ನ ಸೋದರಮಾವನ ಮನೆಯಲ್ಲಿದ್ದಾಳೆ, ಶಾಲೆಯೂ ಅಲ್ಲೇ, ನನಗೆ ರಾತ್ರಿ ಪಾಳಿ ಎಂದು. ಆ ಎರಡು ವರ್ಷದ ಭತ್ಯೆ ನಿನಗೆ ಸಲ್ಲುವುದಿಲ್ಲ ಎಂದರು. ನೀನು ಲೆಕ್ಕ ತಿದ್ದಿ ಕಳಿಸಿ ಎಲ್ಲ ತಿರುಗಿ ಕಟ್ಟಿದೆ. ಪಗಾರದ ಆಫೀಸಿಗೂ ನೀನೇ ಹೋಗಿ ಹೇಳಿದೆ. ಅವರು ಕೋಡು ಇಳಿಸಿದರು. ಈಗ ಪ್ರತಿ ಪಗಾರದಲ್ಲೂ ಹೋಗುತ್ತಿರುವುದು ಮೊದಲು ಬಿಟ್ಟಿದ್ದ ಆ ಭಾಗದ ಟ್ಯಾಕ್ಸು. ಹಳೆಯ ಬಾಕಿಯೂ ಅಲ್ಲ, ದಂಡವೂ ಅಲ್ಲ. ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ, ಮಗಳೇ.

ಇದಕ್ಕೆ ಉಪಾಯ ಒಂದೇ. ಈಶಾ ನಿನ್ನ ಹತ್ತಿರ ಬಂದು ಇರತೊಡಗಿದ ಕೂಡಲೇ ಆ ಹಾಳೆಯನ್ನು ಮತ್ತೆ ತುಂಬಿ ಕೊಡು, ಕೋಡು ಏರುತ್ತದೆ. ಭತ್ಯೆಗೂ ಹೊಸದಾಗಿ ಅರ್ಜಿ ಹಾಕು. ಶಾಲೆಯಲ್ಲಿ, ಡಾಕ್ಟರ ಹತ್ತಿರ ಎಲ್ಲ ಕಡೆ ನಿನ್ನ ವಿಳಾಸವೇ ಇರಲಿ. ಇಡೀ ಸರ್ಕಾರ ಕೇಳುವುದು ಇಷ್ಟನ್ನೇ: ಮಗು ಯಾರ ಮನೆಯಲ್ಲಿ ಮಲಗುತ್ತದೆ? ನಾನು ಚಿಕ್ಕವನಿದ್ದಾಗ ಬಹಳ ವರ್ಷ ನನ್ನ ಸೋದರಮಾವನ ಮನೆಯಲ್ಲೇ ಬೆಳೆದೆ. ನನ್ನ ಅವ್ವನನ್ನು, ನಿನ್ನ ಅಜ್ಜಿಯನ್ನು, ಯಾರೂ ಈ ಪ್ರಶ್ನೆ ಕೇಳಲಿಲ್ಲ. ನಮ್ಮಲ್ಲಿ ಅದು ಕೇಳುವ ಮಾತೇ ಅಲ್ಲ.

ಸೆಪ್ಟೆಂಬರಿನಿಂದ ಹಗಲು ಪಾಳಿ ಸಿಕ್ಕಿದೆ, ಈಶಾಳನ್ನು ಕರೆದುಕೊಂಡು ಹೋಗಲೋ ಬೇಡವೋ ಎಂದೂ ಕೇಳಿದ್ದೀ. ಇದೆಂಥ ಪ್ರಶ್ನೆ? ಕರೆದುಕೊಂಡು ಹೋಗು. ಭಾನುವಾರವೇ ಬಾ.

ಅವಳಿಗೆ ನಾನೇ ಹೇಳಿದೆ, ಚೌಕಾಬಾರದ ಮಣೆ ಇಟ್ಟುಕೊಂಡು ಕೂತಿದ್ದಾಗ. ಅವಳ ಕಾಯಿ ಹೊಡೆಯುವ ನೆಪದಲ್ಲಿ ಹೇಳಿಬಿಟ್ಟೆ. ಅವಳು ತಲೆ ಎತ್ತದೆ, “ಅಜ್ಜಾ, ಆರ್ ಯೂ ಮೂವಿಂಗ್ ಟೂ?” ಅಂದಳು.

“ಇಲ್ಲ ಕೂಸ. ನಿಮ್ಮ ಸಬ್‌ವೇ ಗಾಳಿ ನನಗ ಹಿಡಸೂದಿಲ್ಲ.”

“ದೆನ್ ಹೂ ವಿಲ್ ಚೀಟ್?”

“ನಿಮ್ಮವ್ವಗ ಕಲಿಸು. ಭಾಳ ಸಸಾರ ಐತಿ.”

“ಅಮ್ಮಾ ಡಸಂಟ್ ಚೀಟ್, ಅಜ್ಜಾ,” ಅಂದು ಕವಡೆಗಳನ್ನು ನನ್ನ ಕೈಗೆ ಕೊಟ್ಟಳು. ನನ್ನ ಸರದಿ ಇರಲಿಲ್ಲ. ಆದರೂ ಆಡಿದೆ.

ನಿನ್ನ ಅತ್ತೆ ಅವಳಿಗೆ ಉಡಿ ತುಂಬುತ್ತೇನೆ ಎಂದು ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಎಲ್ಲ ತೆಗೆದಿಟ್ಟಿದ್ದಾಳೆ. “ಹುಚ್ಚೀ, ಆಕಿ ಅವ್ವನ ಮನಿಗೆ ಹೊಂಟಾಳ, ಗಂಡನ ಮನಿಗಲ್ಲ,” ಎಂದು ನಕ್ಕೆ. “ಯಾರ ಮನಿಗರೆ ಹೋಗ್ಲಿ. ಈ ಮನಿಂದ ಹೊಂಟಾಳಲ್ಲ? ಬರೇ ಉಡಿಲೆ ಹೆಂಗ ಕಳಸ್ಲಿ?” ಅಂದಳು. ಆಮೇಲೆ ನನಗೆ ನಗು ಬರಲಿಲ್ಲ. ನಮ್ಮಲ್ಲಿ ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಉಡಿ ತುಂಬುತ್ತಾರೆ. ತವರಿಗೇ ಹೊರಟ ಮಗುವಿಗೆ ತುಂಬುವುದನ್ನು ನಾನು ಎಲ್ಲೂ ಕಂಡಿಲ್ಲ. ನೀನು ಏನೂ ಅನ್ನಬೇಡ, ಸುಮ್ಮನೆ ನಿಂತು ನೋಡು.

ಈಶಾಳಿಗೆ ಮೊಸರಿನ ಮೇಲೆ ಸಕ್ಕರೆ ಬೇಕು, ಕೊಡದಿದ್ದರೆ ಊಟ ಇಲ್ಲ. ದೀಪ ಆರಿಸಿದ ಮೇಲೆ ಸ್ವಲ್ಪ ಹೊತ್ತು ಮಾತಾಡುತ್ತಾಳೆ, ಉತ್ತರ ಕೊಡಬೇಕೆಂದೇನಿಲ್ಲ, ಹೂಂ ಅಂದರೆ ಸಾಕು.

ತಾಯಿಮಗಳು ಒಂದೇ ತಾಟಿನಲ್ಲಿ ಉಣ್ಣುವಂತಾಗಲಿ. ನಿನ್ನ ಕಣ್ಣಿಗೆ ಹೊತ್ತಿಗೆ ಸರಿಯಾಗಿ ನಿದ್ದೆ ಹತ್ತಲಿ. ನಿನ್ನದು ನಿನ್ನ ಕೈಯಲ್ಲೇ ಉಳಿಯಲಿ.

ನಿನ್ನ ಮಾಮಾ,
ಶಿವಲಿಂಗಪ್ಪ

ತಾ.ಕ.: ಮುಕುಂದ ಇನ್ನೊಂದು ಮಾತು ಹೇಳಿದ್ದ. ಆ ಎರಡು ವರ್ಷ ಮಗುವನ್ನು ನೋಡಿಕೊಂಡವರು ನಾವಾದ್ದರಿಂದ, ಆ ಭತ್ಯೆಗೆ ನಾವು ಅರ್ಜಿ ಹಾಕಬಹುದಂತೆ. ಮನೆಗೆ ಬಂದು ಹೇಳಿದೆ. ನಿನ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. “ರೊಕ್ಕ ಬ್ಯಾಡ್ರಿ, ಬಂದದ್ದೆಲ್ಲಾ ಸೌಮ್ಯಾಗ ಕೊಟ್ಟುಬಿಡೂಣು. ಟ್ಯಾಕ್ಸಿನ ಹಾಳ್ಯಾಗ ಮಕ್ಕಳು ಅಂತ ಇದ್ದಲ್ಲೆ ವರ್ಷಾ ವರ್ಷಾ ಸೊನ್ನಿ ಹಾಕ್ಕೊತ ಬಂದೀರಿ. ಒಂದ ಸಲ ಅಲ್ಲೆ ಈಶಾನ ಹೆಸರು ಬರೀರಿ. ಒಂದ ಸಲ,” ಅಂದಳು.

ನಾನು ಬರೆಯಲಿಲ್ಲ. ಬರೆದರೆ ಇಲಾಖೆ ಮತ್ತೆ ನಿನ್ನನ್ನೇ ಕೇಳುತ್ತದೆ. ಮಗಳು ನನ್ನ ಹತ್ತಿರ ಇರಲಿಲ್ಲ ಎಂದು ನೀನು ಇನ್ನೊಮ್ಮೆ ನಿನ್ನ ಕೈಯಾರೆ ಬರೆದುಕೊಡಬೇಕು. ಮೊದಲ ಸಲ ಬರೆದ ದಿನ ನಿನ್ನ ಮುಖ ನಾನು ನೋಡಿದ್ದೇನೆ. ಅದನ್ನೇ ಅವಳಿಗೆ ಹೇಳಿದೆ. “ಆತು ಬಿಡ್ರಿ,” ಅಂದು ರೊಟ್ಟಿ ಬಡಿದಳು. ಅವತ್ತಿನಿಂದ ನನ್ನ ಜೊತೆ ಮಾತಾಡುತ್ತಾಳೆ, ಮುಖ ನೋಡುವುದಿಲ್ಲ.

ಭಾನುವಾರ ಉಡಿ ತುಂಬಿದ ಮೇಲೆ ಅವಳು ಕೋಣೆ ಸೇರಿ ಹೊರಗೆ ಬರದಿದ್ದರೆ ತಪ್ಪು ತಿಳಿಯಬೇಡ. ಈಶಾಳ ತಲೆ ಬಾಚಿ ನಾನೇ ಕಾರಿನವರೆಗೆ ಕರೆತರುತ್ತೇನೆ. ನನಗೆ ಜಡೆ ಹಾಕಲು ಬರುವುದಿಲ್ಲ. ಸೊಟ್ಟ ಆಗಿದ್ದರೆ ನನ್ನೆದುರಿಗೆ ಬಿಚ್ಚಬೇಡ, ಮನೆಗೆ ಹೋದ ಮೇಲೆ ಸರಿಮಾಡು.