ಸೋಮಮ್ಮನಿಗೆ ಗೊತ್ತಿಲ್ಲದ್ದು

ವೀರನಹೊಸಹಳ್ಳಿ
೨೦-೧೦-೧೯೯೮

ನಮ್ಮ ಮನೆ ಸೊಸೆ ಬೃಂದಾಗೆ ಅತ್ತೆ ಸೋಮಮ್ಮನ ಆಶೀರ್ವಾದ.

ನಾವೆಲ್ಲ ಕ್ಷೇಮ ಅಂತ ಬರೆಯೋದು ವಾಡಿಕೆ. ನಾನು ಕ್ಷೇಮವಾಗಿಲ್ಲ ಕಣವ್ವ. ನೀನು ಮುನಿಸ್ಕೊಂಡು ಕೆ.ಆರ್. ನಗರದ ತವರಿಗೆ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ನಿನ್ನ ವಾಪಸ್ ಕರೆಯೋಕೇ ಈ ಕಾಗದ. ಬೇಡ್ಕೊಳ್ಳೋದು ನಂಗೆ ಬರಲ್ಲ, ನಿಂಗೂ ಗೊತ್ತು. ಇರೋದನ್ನ ಇದ್ದಂಗೆ ಹೇಳ್ತೀನಿ, ಕೇಳು.

ಮೂವತ್ತು ವರ್ಷದಿಂದ ಈ ಊರಲ್ಲಿ ಯಾರ ಬ್ಯಾರನ್ ಮನೆಯೊಳಗೆ ಹೊಗೆಸೊಪ್ಪು ನೇತುಹಾಕಿ ಬೆಂಕಿ ಕೊಟ್ಟು ಬೇಯಿಸಿದರೂ, ಬೆಂಕಿ ಆರಿಸೋ ಮುಂಚೆ ನನ್ನನ್ನ ಕರೀತಾರೆ. ಎಲೆಯ ನಡುವಿನ ದಂಟು ಮುಟ್ಟಿ ನಾನು ಆಯ್ತು ಅಂದರೆ ಆಯ್ತು. ಸೋಮಮ್ಮ ಬುದ್ಧಿವಂತೆ ಅಂತ ಎಲ್ಲರೂ ಅಂದು ಅಂದು, ಕೊನೆಗೆ ನಾನೂ ನಂಬಿಬುಟ್ಟೆ.

ಅವತ್ತು ನೀನು ನಮ್ಮ ಬ್ಯಾರನ್ ಹತ್ತಿ, ಮೇಲಿನ ಸಾಲಿನ ಒಂದೆಲೆ ತಂದು ದಂಟು ಮುರಿಯೋಕೆ ನೋಡಿದೆ. ಮುರೀಲಿಲ್ಲ, ಬಗ್ಗಿತು. ದಂಟು ಇನ್ನೂ ಹಸಿ ಐತೆ, ಇನ್ನೊಂದು ದಿನ ಬೆಂಕಿ ಬೇಕು ಅತ್ತೆ ಅಂದೆ. ಕೂಲಿ ಹೆಂಗಸರೆಲ್ಲ ನೋಡ್ತಾ ನಿಂತಿದ್ದರು. ಮೊನ್ನೆ ಬಂದವಳು ನಂಗೆ ಕಲಿಸ್ತಾಳಾ ಅಂತ ನಾನು ರೇಗಿ, ಆರಿಸು ಅಂದೆ. ನೀನು ಆರಿಸಿದೆ. ಪೇರಿಸಿಟ್ಟ ಸೊಪ್ಪೆಲ್ಲ ವಾರದಲ್ಲಿ ಬೂಷ್ಟು ಹಿಡೀತು. ಬೆಂಕಿ ಆರಿಸಿದ್ದು ಯಾರು ಅಂತ ನಿನ್ನ ಗಂಡ ಕನಕರಾಜು ಕೂಗಾಡಿದಾಗ ನೀನು ನನ್ನ ಮುಖ ನೋಡಿದೆ. ನಾನು ಎಲೆಅಡಿಕೆ ಹಾಕ್ಕೊಂಡು ಸುಮ್ಮನೆ ಕೂತಿದ್ದೆ. ಅವನು ನಿನ್ನನ್ನ ಬಾಯಿಗೆ ಬಂದಂಗೆ ಬೈದ. ತಪ್ಪು ನಂದು ಕಣವ್ವ.

ಮೊನ್ನೆ ಚಿಕ್ಕಬೀರಯ್ಯ ಅವನ ಬ್ಯಾರನ್ ನೋಡೋಕೆ ಕರೆದ. ಹೋದೆ, ದಂಟು ಮುಟ್ಟಿದೆ, ನಂಗೆ ಗೊತ್ತಾಗ್ತಿಲ್ಲ ಅಂದೆ. ಜ್ವರ ಬಂದೈತಾ ಅಕ್ಕ ಅಂದ. ಇಲ್ಲ ಕಣಪ್ಪ, ಬುದ್ಧಿ ಬಂದೈತೆ ಅಂದೆ. ಅಯ್ಯೋ, ಗೊತ್ತಾಗ್ತಿಲ್ಲ ಅನ್ನೋ ಆ ಒಂದು ಮಾತು ಆಡೋಕೆ ನಂಗೆ ಅರವತ್ತೊಂದು ವರ್ಷ ಬೇಕಾಯ್ತು ನೋಡು!

ಇನ್ಮೇಲೆ ಬೆಂಕಿ ಆರಿಸೋ ಮಾತು ನಿಂದು. ಕೂಲಿ ಹೆಂಗಸರ ಎದುರಿಗೇ ಇದನ್ನ ಹೇಳ್ತೀನಿ. ನೀನಿಲ್ಲದ ಮನೆ ನಂಗೆ ಬೇಜಾರು. ಬಾ.

ನಿನ್ನ ಅತ್ತೆ,
ಸೋಮಮ್ಮ

ಇನ್ನೊಂದು ಮಾತು: ಅಕ್ಷರ ನೋಡಿದಾಗಲೇ ನಿಂಗೆ ಗುರುತು ಸಿಕ್ಕಿರ್ತದೆ. ಸಕ್ಕರೆ ಕಾಯಿಲೆಗೆ ನನ್ನ ಬೆರಳು ಜೋಮು ಹಿಡಿದು ವರ್ಷವಾಯ್ತು. ದಂಟೂ ತಿಳಿಯಲ್ಲ, ಪೆನ್ನೂ ನಿಲ್ಲಲ್ಲ. ಯಾರಿಗೂ ಹೇಳಿರಲಿಲ್ಲ. ಬರೆದುಕೊಡೋರು ಬೇರೆಯವರೂ ಇದ್ದರು, ಬೇಕಂತಲೇ ನಿನ್ನ ಗಂಡನ ಕೈಲಿ ಬರೆಸಿದೆ. ತಪ್ಪು ನಂದು ಅಂದಾಗ ಪೆನ್ನು ಕೆಳಗಿಟ್ಟು ಎದ್ದುಹೋದ. ಆಮೇಲೆ ಬಂದು ಕೂತು, ಮುಂದೆ ಹೇಳವ್ವ ಅಂದ. ಕಣ್ಣು ಕೆಂಪಗಿತ್ತು, ಅದನ್ನೂ ಅವನ ಕೈಲೇ ಬರೆಸ್ತಿದೀನಿ. ಕಾಗದ ಅಂಚೆಗೆ ಹಾಕಲ್ಲ, ಅವನೇ ತರ್ತಾನೆ. ನೀನು ಓದಿ ಮುಗಿಸೋವರೆಗೂ ಬಾಗಿಲ ಹೊರಗೆ ನಿಂತಿರು ಅಂತ ಹೇಳಿದೀನಿ. ಒಳಗೆ ಕರೆಯೋದು ನಿಂಗೆ ಬಿಟ್ಟಿದ್ದು.