ದೋಣಿ ಇಳಿಸಿ ಗಾಡಿ ಪರೀಕ್ಷಿಸಿದ ಅಧಿಕಾರಿಗಳಿಗೆ

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನೀವು ಅರ್ಹ ಎಂದು ಸಹಿ ಹಾಕಿ ಬೀದಿಗೆ ಬಿಟ್ಟ ಒಂದು ಪುಟ್ಟ ಕಾರು, ತನಗಿಂತ ದುಪ್ಪಟ್ಟು ಭಾರದ ದೋಣಿಯನ್ನು ಟ್ರೇಲರಿನ ಮೇಲೆ ಕಟ್ಟಿಕೊಂಡು, ನಮ್ಮ ಬೀದಿಯ ಇಳಿಜಾರಿನಲ್ಲಿ ನಿಲ್ಲಲಾರದೆ ನೇರವಾಗಿ ನನ್ನ ಕ್ಷೌರದ ಅಂಗಡಿಯೊಳಕ್ಕೆ ಬಂತು. ಬಾಗಿಲು ತೆರೆದೇ ಇತ್ತು. ಆದರೂ ಅದು ಗಾಜು ಒಡೆದುಕೊಂಡೇ ಬಂತು. ದೊಡ್ಡವರ ಸಹಿ ಇದ್ದವರು ಬಾಗಿಲು ಹುಡುಕುವುದಿಲ್ಲವಲ್ಲ. ಆ ಭೇಟಿಯಲ್ಲಿ ನನ್ನ ಬಲಗೈ ಹೋಯಿತು. ಹೋಯಿತು ಎಂದರೆ ಕತ್ತರಿಸಿ ಬಿದ್ದಿಲ್ಲ, ಗಾಬರಿಯಾಗಬೇಡಿ. ತೋಳಿಗೆ ಅಂಟಿಕೊಂಡೇ ಇದೆ, ಬೆರಳುಗಳೆಲ್ಲ ಇವೆ, ಒಂದೂ ಮಡಚುವುದಿಲ್ಲ. ನಿಮ್ಮ ಕಚೇರಿಯ ಹಾಗೆ, ಎಲ್ಲ ಇದ್ದೂ ಕೆಲಸ ಮಾಡುವುದಿಲ್ಲ.

ಆದ್ದರಿಂದ ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಕೆಲವು ಪದಗಳನ್ನು ಬರೆಯಲು ಅವಳು ಒಪ್ಪಲಿಲ್ಲ. "ಅಪ್ಪ, ಇದನ್ನ ಪೇಪರಲ್ಲಿ ಹಾಕಲ್ಲ" ಎಂದಳು. ಅವು ನಿಮಗೆ ಅಳತೆ ತೆಗೆದು ಹೊಲಿದಂತೆ ಒಪ್ಪುವ ಪದಗಳಾಗಿದ್ದವು. ಅವುಗಳ ಜಾಗದಲ್ಲಿ "ಮಾನ್ಯರೇ" ಎಂದು ಬರೆಯುವುದೆಂದು ತೀರ್ಮಾನವಾಗಿದೆ. ಮುಂದೆ ಆ ಪದ ಬಂದಲ್ಲೆಲ್ಲ ತಾವು ಅರ್ಥಮಾಡಿಕೊಳ್ಳಬೇಕು.

ಪತ್ರಿಕೆಯ ಓದುಗರಿಗಾಗಿ ಇಬ್ಬರ ಪರಿಚಯ ಮಾಡಿಕೊಡುತ್ತೇನೆ. ದೋಣಿಯ ಮಾಲೀಕರು ನಮ್ಮ ಬೀದಿಯ ಮೇಲ್ತುದಿಯಲ್ಲಿರುವ ಹಲ್ಲಿನ ಡಾಕ್ಟರು. ಹಳೆಯ ದೋಣಿಯೊಂದನ್ನು ಕೊಂಡ ದಿನದಿಂದ ಬಿಳಿ ಟೋಪಿ ಹಾಕಿಕೊಂಡು ಓಡಾಡುತ್ತಿರುವುದರಿಂದ ಬೀದಿಯವರು ಅವರನ್ನು ಕ್ಯಾಪ್ಟನ್ ಎನ್ನುತ್ತಾರೆ. ಅವರಿಗೆ ಈಜು ಬರುವುದಿಲ್ಲ. ಅವರ ಕಾರು ಹೆಂಡತಿ ತರಕಾರಿ ತರಲೆಂದು ಕೊಂಡದ್ದು; ಹಿಂದಿನ ಸೀಟಿನಲ್ಲಿ ಇಬ್ಬರು ದಪ್ಪ ನೆಂಟರು ಕೂತರೆ ಮುಂದಿನ ದೀಪಗಳು ಆಕಾಶ ನೋಡುತ್ತವೆ. ಅಂಥ ಕಾರಿನ ಬಾಲಕ್ಕೆ ಅವರು ಕಬ್ಬಿಣದ ಕೊಕ್ಕೆ ಬೆಸುಗೆ ಹಾಕಿಸಿ, ಅದಕ್ಕೆ ಟ್ರೇಲರ್ ಸಿಕ್ಕಿಸಿ, ಅದರ ಮೇಲೆ ದೋಣಿ ಕೂರಿಸಿದರು. ಆಸೆಪಡುವುದು ತಪ್ಪಲ್ಲ. ಮನುಷ್ಯ ಆಸೆಪಟ್ಟಾಗ "ಬೇಡ" ಎನ್ನಲಿಕ್ಕೆಂದೇ ಸರ್ಕಾರ ನಿಮ್ಮಂಥವರಿಗೆ ಸಂಬಳ ಕೊಟ್ಟು ಕೂರಿಸಿದೆ.

ಎರಡನೆಯವರು ತಾವೇ. ತಮ್ಮ ಪರಿಚಯ ನನಗೆ ಇತರರಿಗಿಂತ ಹೆಚ್ಚು, ಏಕೆಂದರೆ ವರ್ಷಗಟ್ಟಲೆ ತಮ್ಮ ಮುಖ ನನ್ನ ಕೈಯಲ್ಲಿತ್ತು. ಎಡಗೆನ್ನೆಯಲ್ಲಿ ಕೂದಲು ಸುಳಿಯಾಗಿ ಬೆಳೆಯುತ್ತದೆ, ಗದ್ದದ ಕೆಳಗೆ ಚರ್ಮ ಸಡಿಲವಾಗಿದೆ, ಕತ್ತಿ ಅಲ್ಲಿಗೆ ಬಂದಾಗ ತಾವು ಉಸಿರು ಬಿಗಿಹಿಡಿಯುತ್ತೀರಿ. ಆದರೆ ಮಾತು ಮಾತ್ರ ನಿಲ್ಲಿಸಿದವರಲ್ಲ. ಹಾಗಾಗಿಯೇ ಆ ಕಾರಿನ ತಪಾಸಣೆ ಹೇಗೆ ನಡೆಯಿತು ಎಂಬುದನ್ನು ನಾನು ಬೇರೆ ಯಾರಿಂದಲೂ ಕೇಳಬೇಕಾಗಲಿಲ್ಲ. ಮುಖದ ತುಂಬ ನೊರೆ ಹಚ್ಚಿಸಿಕೊಂಡು ತಾವೇ ಹೇಳಿದಿರಿ.

"ಆ ಹಲ್ಲಿನ ಡಾಕ್ಟ್ರು ಬಂದಿದ್ರು ಕಣಯ್ಯ. ದೋಣಿನ ಟ್ರೇಲರ್ ಮೇಲೇ ಇಟ್ಕೊಂಡು ಬಂದ್ಬಿಟ್ಟಿದ್ರು. ಮೊದಲು ಅದನ್ನ ಇಳಿಸ್ರೀ ಅಂದೆ."

"ಯಾಕೆ ಸಾರ್?"

"ದೋಣಿ ವಾಹನ ಅಲ್ಲಪ್ಪ. ಅದು ನೀರಿನ ಮೇಲೆ ಹೋಗೋದು, ಬೇರೆ ಇಲಾಖೆಗೆ ಸೇರುತ್ತೆ. ಅವರ ಸಾಮಾನನ್ನ ನಾನ್ಯಾಕೆ ತಪಾಸಣೆ ಮಾಡ್ಲಿ? ಆಳುಗಳನ್ನ ಕರೆಸಿ ಇಳಿಸಿದ್ರು. ಆಮೇಲೆ ಅಂಗಳದಲ್ಲಿ ಖಾಲಿ ಟ್ರೇಲರನ್ನ ಒಂದು ಸುತ್ತು ಎಳೆಸಿ ನೋಡಿದೆ. ಹೂ ಎತ್ತಿದ ಹಾಗೆ ಎಳ್ಕೊಂಡು ಹೋಯ್ತು!"

ನನಗೆ ಗಾಡಿಗಳ ವಿಷಯ ಏನೂ ತಿಳಿಯದು. ಸೈಕಲ್ಲಿಗಿಂತ ದೊಡ್ಡದನ್ನು ನಾನು ಓಡಿಸಿಲ್ಲ. ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದೆ. "ಎಳೀತು ಸಾರ್, ನಿಲ್ಲುತ್ತಾ?"

"ನಿಲ್ಲಿಸೋದು ಓಡಿಸೋನ ಕೆಲಸ. ಅರ್ಜಿಯಲ್ಲಿ ಎಳೆಯುತ್ತದೆಯೇ ಅಂತ ಇದೆ. ನಿಲ್ಲುತ್ತದೆಯೇ ಅಂತ ಎಲ್ಲಿದೆ?" ಎಂದು ತಾವು ನಕ್ಕಿರಿ. ನಗುವಾಗ ಗಂಟಲು ಅಲುಗಾಡುತ್ತದೆಂದು ನಾನು ಕತ್ತಿ ಹಿಂದಕ್ಕೆ ತೆಗೆದೆ. ನನ್ನ ಕೆಲಸದಲ್ಲಿ ನಿಲ್ಲಿಸುವುದೂ ಸೇರಿದೆ, ಮಾನ್ಯರೇ. ಕತ್ತಿ ಎಳೆಯುವುದನ್ನು ಯಾರು ಬೇಕಾದರೂ ಎಳೆಯಬಹುದು. ಎಲ್ಲಿ ನಿಲ್ಲಿಸಬೇಕೆಂದು ತಿಳಿದಿದ್ದರಿಂದಲೇ ಜನ ನನ್ನ ಮುಂದೆ ಕತ್ತೆತ್ತಿ ಕೂರುತ್ತಿದ್ದರು.

ಅಂಗಡಿ ಇರುವ ಜಾಗ ತಮಗೆ ಗೊತ್ತು. ಬೀದಿ ಮೇಲಿನಿಂದ ಇಳಿದು ಬಂದು, ನನ್ನ ಅಂಗಡಿಯ ಮುಂದೆ ಎಡಕ್ಕೆ ತಿರುಗಿ ನೀರಿನ ದಂಡೆಗೆ ಹೋಗುತ್ತದೆ. ತಿರುಗಲು ಆಗದ್ದು ನೇರ ನನ್ನ ಬಳಿಗೆ ಬರುತ್ತದೆ. ಇಷ್ಟು ವರ್ಷ ಹಾಗೆ ಬಂದದ್ದೆಂದರೆ ಚೆಂಡುಗಳು, ಮತ್ತು ಒಮ್ಮೆ ಯಾರದೋ ಕುಂಬಳಕಾಯಿ. ಅಂದು ಕುರ್ಚಿಯಲ್ಲಿ ಬ್ರೆಡ್ ಅಂಗಡಿಯವನು ಕೂತಿದ್ದ. ಒಂದು ಕೆನ್ನೆ ಮುಗಿದಿತ್ತು, ಗಂಟಲಿಗೆ ಬಂದಿದ್ದೆ. ನಮ್ಮ ಬೆನ್ನು ಬೀದಿಗೆ, ಮುಖ ಕನ್ನಡಿಗೆ. ಕನ್ನಡಿಯಲ್ಲಿ ಮೊದಲು ಕಂಡದ್ದು ಕಾರಲ್ಲ, ಕಾರಿನ ತಲೆಯ ಮೇಲಿಂದ ಇಣುಕುತ್ತಿದ್ದ ದೋಣಿಯ ಮೂತಿ. ಕಾರಿನ ಚಕ್ರಗಳು ತಿರುಗುತ್ತಿರಲಿಲ್ಲ. ಕ್ಯಾಪ್ಟನ್ ಬ್ರೇಕಿನ ಮೇಲೆ ಎದ್ದು ನಿಂತಂತಿದ್ದರು, ಟೋಪಿ ಚಾವಣಿಗೆ ಒತ್ತಿಕೊಂಡಿತ್ತು. ಹಿಂದಿನಿಂದ ದೋಣಿ ಆ ಕಾರನ್ನು ಕತ್ತು ಹಿಡಿದು ದಬ್ಬಿಕೊಂಡು ಬರುತ್ತಿತ್ತು.

ನನ್ನ ಕತ್ತಿ ಒಬ್ಬ ಮನುಷ್ಯನ ಗಂಟಲ ಮೇಲಿತ್ತು. ಓಡಿಹೋಗಬಹುದಿತ್ತು, ಆದರೆ ಕತ್ತಿಯನ್ನು ಹೇಗೆಂದರೆ ಹಾಗೆ ಬಿಟ್ಟು ಓಡಿದ್ದರೆ ಬ್ರೆಡ್ಡಿನವನು ಇಂದು ಇರುತ್ತಿರಲಿಲ್ಲ. ಕೈಯನ್ನು ಪಕ್ಕಕ್ಕೆ, ಅವನಿಂದ ದೂರ ಚಾಚಿದೆ. ಅಷ್ಟರಲ್ಲಿ ಗಾಜು ಬಂತು, ಕಾರು ಬಂತು, ಕುರ್ಚಿ ಮುಂದಕ್ಕೆ ಹೋಯಿತು. ಕುರ್ಚಿಯ ಕಬ್ಬಿಣದ ಕೈಗೂ ಗೋಡೆಯ ಕಟ್ಟೆಗೂ ನಡುವೆ ನನ್ನ ಕೈ ಸಿಕ್ಕಿಕೊಂಡಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಆ ಅರ್ಧ ಕ್ಷೌರದಲ್ಲೇ ಅವನು ನನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದ, ಅಲ್ಲಿ ನೊರೆ ಒಣಗಿದ ಮುಖದಲ್ಲಿ ಕೂತು ಮಗುವಿನಂತೆ ಅತ್ತ.

ಕ್ಯಾಪ್ಟನ್ ಕೂಡ ಆಸ್ಪತ್ರೆಗೆ ಬಂದಿದ್ದರು, ಕೃತಜ್ಞತೆ ಇಲ್ಲದವನೆಂದು ನನ್ನನ್ನು ಯಾರೂ ಅನ್ನಬಾರದು. ಹಾಸಿಗೆಯ ಅಂಚಿನಲ್ಲಿ ಕೂತು ನಿಟ್ಟುಸಿರು ಬಿಟ್ಟರು. "ದೇವರು ದೊಡ್ಡೋನು. ದೋಣಿಗೆ ಏನೂ ಆಗ್ಲಿಲ್ಲ, ಮೂತಿ ಹತ್ರ ಸ್ವಲ್ಪ ಬಣ್ಣ ಹೋಗಿದೆ ಅಷ್ಟೇ" ಎಂದರು. ಆಮೇಲೆ ನನ್ನ ಕೈಯ ಕಟ್ಟು ಕಣ್ಣಿಗೆ ಬಿದ್ದಿರಬೇಕು. "ನಿಮ್ಮ ಹಲ್ಲೇನಾದ್ರೂ ಅಲ್ಲಾಡ್ತಿದ್ರೆ ಬನ್ನಿ, ನಾನೇ ನೋಡ್ತೀನಿ" ಎಂದು ಸಮಾಧಾನ ಹೇಳಿ ಹೋದರು. ಅವರ ಮೇಲೆ ನನಗೆ ಸಿಟ್ಟಿದೆ, ಆದರೆ ಸಣ್ಣದು. ದಡ್ಡತನಕ್ಕೆ ಅವರು ಅರ್ಜಿ ಹಾಕಿಕೊಂಡರು. ಮಂಜೂರು ಮಾಡಿದವರು ತಾವು.

ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ ಕಚೇರಿಗೆ ದೂರು ಕೊಟ್ಟೆ. ತಮ್ಮ ಉತ್ತರವನ್ನು ಮಗಳು ಓದಿ ಹೇಳಿದಾಗ ನಾನು ಅವಳೇ ತಮಾಷೆಗೆ ಸೇರಿಸಿ ಓದುತ್ತಿದ್ದಾಳೆ ಎಂದುಕೊಂಡೆ. "ಸದರಿ ಕಾರಿಗೆ ಟ್ರೇಲರ್ ಎಳೆಯಲು ಅರ್ಹತೆ ನೀಡಲಾಗಿದೆ. ಘಟನೆಯ ಸಮಯದಲ್ಲಿ ಕಾರು ಟ್ರೇಲರನ್ನು ಎಳೆಯುತ್ತಿರಲಿಲ್ಲ, ಟ್ರೇಲರ್ ಕಾರನ್ನು ತಳ್ಳುತ್ತಿತ್ತು. ಆದ್ದರಿಂದ ಅರ್ಹತಾ ಪತ್ರಕ್ಕೂ ಘಟನೆಗೂ ಸಂಬಂಧವಿರುವುದಿಲ್ಲ." ಇದನ್ನು ಬರೆದ ತಲೆಯ ಕೂದಲನ್ನು ನಾನು ಇಷ್ಟು ವರ್ಷ ಕತ್ತರಿಸಿದೆನಲ್ಲ ಎಂದು ಹೆಮ್ಮೆಯಾಯಿತು. ಒಳಗೇನಿದೆ ಎಂದು ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ತಾವು ಹೇಳುವುದು ಸರಿಯೇ. ಎಳೆಯುವುದು ತಮ್ಮ ಕಚೇರಿಗೆ ಚೆನ್ನಾಗಿ ಗೊತ್ತು. ಒಂದು ಕಾಗದವನ್ನು ಈ ಮೇಜಿನಿಂದ ಆ ಮೇಜಿಗೆ ವರ್ಷವಿಡೀ ಎಳೆಯುತ್ತೀರಿ, ರಾಗ ಎಳೆಯುತ್ತೀರಿ, ಊಟದ ಹೊತ್ತನ್ನು ಸಂಜೆಯವರೆಗೆ ಎಳೆಯುತ್ತೀರಿ. ತಡೆಯುವುದರಲ್ಲೂ ತಮ್ಮನ್ನು ಮೀರಿಸಿದವರಿಲ್ಲ. ಹಾಲಿನವನ ಗಾಡಿಯನ್ನು ಗಂಟೆ ಬಾರಿಸಲಿಲ್ಲವೆಂದು ತಡೆದಿರಿ. ಒಬ್ಬ ಮುದುಕಿಯ ಮೂರು ಚಕ್ರದ ಕುರ್ಚಿಗೆ ಹಿಂದಿನ ದೀಪ ಇಲ್ಲವೆಂದು ತಡೆದಿರಿ. ಊರಿನಲ್ಲಿ ಅಲುಗಾಡುವುದನ್ನೆಲ್ಲ ತಡೆದ ಮಹಾನುಭಾವರಿಗೆ, ತಡೆಯೇ ಇಲ್ಲದ ಒಂದು ದೋಣಿಯನ್ನು ತಡೆಯಲು ತೋಚಲಿಲ್ಲ. ಏಕೆ? ಅದು ಬೇರೆ ಇಲಾಖೆಯದು. ಹಾಗಾದರೆ ನನ್ನ ಕೈ ಯಾವ ಇಲಾಖೆಗೆ ಸೇರುತ್ತದೆ, ಮಾನ್ಯರೇ? ಅದು ನೀರಿನ ಮೇಲೂ ಹೋಗುವುದಿಲ್ಲ, ರಸ್ತೆಯ ಮೇಲೂ ಹೋಗುವುದಿಲ್ಲ. ಹೋಗುತ್ತಿದ್ದದ್ದು ಜನರ ಕೆನ್ನೆಗಳ ಮೇಲೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಪತ್ರಿಕೆಯ ಜಾಗ ತಿನ್ನುತ್ತಿರಲಿಲ್ಲ. ಕೈ ಹೋದವನು ಅಳುತ್ತಾನೆ, ಸುಮ್ಮನಾಗುತ್ತಾನೆ. ನಾನೂ ಅತ್ತಿದ್ದೇನೆ, ಸ್ನಾನದ ಮನೆಯಲ್ಲಿ, ನನ್ನ ಗಡ್ಡವನ್ನು ಮಗಳು ಬೋಳಿಸುವಾಗ, ಕಣ್ಣಿಗೆ ಸೋಪು ಹೋಯಿತೆಂದು ಹೇಳಿ. ಆದರೆ ಈಗ ಅಂಗಡಿ ನಡೆಸುವವಳು ಅವಳು. ಗಾಜು ಹೊಸದಾಗಿ ಬಂದಿದೆ. ಅದೇ ಕುರ್ಚಿಯ ಹಿಂದೆ, ಬೀದಿಗೆ ಬೆನ್ನು ಹಾಕಿ ಅವಳು ನಿಲ್ಲುತ್ತಾಳೆ. ಮೊನ್ನೆ ಕ್ಯಾಪ್ಟನ್ ಅಂಗಡಿಗೆ ಬಂದು, ಕಾರು ರಿಪೇರಿಯಾಗಿದೆ, ಬರುವ ಭಾನುವಾರ ದೋಣಿಯನ್ನು ಮತ್ತೆ ನೀರಿಗಿಳಿಸುವವರಿದ್ದೇವೆ ಎಂದು ಸಂತೋಷದ ಸುದ್ದಿ ಹೇಳಿದರಂತೆ.

"ಅದೇ ಕಾರಲ್ಲೇ?" ಎಂದು ಇವಳು ಕೇಳಿದ್ದಾಳೆ.

"ಹೌದಮ್ಮ. ಅರ್ಹತಾ ಪತ್ರ ಇನ್ನೂ ನಡೀತಿದೆಯಲ್ಲ. ಮತ್ತೆ ತಪಾಸಣೆ ಮಾಡಿಸೋಣ ಅಂತ ಹೋಗಿದ್ದೆ, ಸಾಹೇಬ್ರು ಬೇಕಿಲ್ಲ ಅಂದ್ರು."

ಬೇಕಿಲ್ಲ ಎಂದಿರಿ! ದಡ್ಡನೇ ಹೆದರಿ ತಮ್ಮ ಬಾಗಿಲಿಗೆ ಬಂದಾಗಲೂ ಬೇಕಿಲ್ಲ ಎಂದು ಕಳಿಸಿದಿರಿ. ಅಂದಿನಿಂದ ಮಗಳು ಕತ್ತಿ ಹಿಡಿದಾಗ ಕನ್ನಡಿಯನ್ನೇ ನೋಡುತ್ತಾಳೆ, ಗಿರಾಕಿಯ ಮುಖ ನೋಡುವುದಿಲ್ಲ. ಮೇಲೆ ಯಾವ ಗಾಡಿಯ ಸದ್ದಾದರೂ ಕೈ ನಿಲ್ಲುತ್ತದೆ. ನಿನ್ನೆ ಒಬ್ಬನಿಗೆ ಗಾಯ ಮಾಡಿದಳು. "ಅಪ್ಪ, ಭಾನುವಾರ ಅಂಗಡಿ ಮುಚ್ಚಿಬಿಡೋಣ" ಎನ್ನುತ್ತಾಳೆ. ಈ ಭಾನುವಾರ ಮುಚ್ಚೋಣ. ಅದರ ಮುಂದಿನದು? ಕ್ಯಾಪ್ಟನ್ನರಿಗೆ ಮಂಗಳವಾರವೂ ಗಾಳಿ ಚೆನ್ನಾಗಿದೆ ಎನಿಸಿದರೆ? ತಮ್ಮ ಸಹಿಯ ಅವಧಿ ಮುಗಿಯುವವರೆಗೆ ನಾವು ಹೊಟ್ಟೆಗೆ ಏನು ತಿನ್ನಬೇಕು? ನನಗೆ ಹೆದರಿಕೆಯಾಗುತ್ತಿದೆ. ಇದನ್ನು ವ್ಯಂಗ್ಯದಲ್ಲಿ ಸುತ್ತಿ ಹೇಳಲು ನನ್ನಿಂದ ಆಗುತ್ತಿಲ್ಲ. ನನಗೆ ಇರುವವಳು ಅವಳೊಬ್ಬಳೇ, ಅವಳ ಎರಡೂ ಕೈ ನನಗೆ ಬೇಕು.

ತಾವಂತೂ ಆ ಘಟನೆಯ ನಂತರ ನಮ್ಮ ಅಂಗಡಿಯ ಕಡೆ ತಲೆ ಹಾಕಿಲ್ಲ. ಬೇರೆಲ್ಲೋ ಹೋಗುತ್ತಿದ್ದೀರಿ ಎಂದು ಕೇಳಿದೆ, ಗದ್ದಕ್ಕೆ ಪಟ್ಟಿ ಅಂಟಿಸಿಕೊಂಡು ಕಚೇರಿಗೆ ಬಂದಿದ್ದಿರಿ ಎಂದೂ ಕೇಳಿದೆ. ನನಗೆ ಖುಷಿಯಾಯಿತು. ಮಗಳು ಇದನ್ನು ಬರೆಯಲ್ಲ ಎಂದಳು, ನಾನು ಬರಿ ಎಂದೆ.

ಈಗ ಬೇಡಿಕೆ. ಭಾನುವಾರದೊಳಗೆ ಆ ಅರ್ಹತಾ ಪತ್ರವನ್ನು ರದ್ದು ಮಾಡಿ. ಕಾರನ್ನು ಮತ್ತೆ ತಪಾಸಣೆಗೆ ಕರೆಸುವುದಾದರೆ ದೋಣಿ ಸಮೇತ ಕರೆಸಿ, ಅಂಗಳದಲ್ಲಲ್ಲ, ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ. ನಿಲ್ಲಿಸುವಾಗ ಕಾರಿನ ಮುಂದೆ ತಾವು ನಿಂತುಕೊಳ್ಳಿ. ತಮಗೆ ನಂಬಿಕೆಯಿರುವ ಕಾರಲ್ಲವೇ?

ಇದೆಲ್ಲ ತಮ್ಮ ಘನತೆಗೆ ಕುಂದು ಎನಿಸಿದರೆ ಇನ್ನೊಂದು ದಾರಿ ಇದೆ. ಭಾನುವಾರ ದೋಣಿ ಇಳಿಯುವ ಹೊತ್ತಿಗೆ ನನ್ನ ಕುರ್ಚಿಗೆ ದಯಮಾಡಿಸಿ. ಮಗಳನ್ನು ಅಂದು ಮನೆಯಲ್ಲೇ ಬಿಟ್ಟು ಬರುತ್ತೇನೆ, ತಮ್ಮ ಗಡ್ಡಕ್ಕೆ ನಾನೇ ಕತ್ತಿ ಹಿಡಿಯುತ್ತೇನೆ, ಎಡಗೈಯಲ್ಲಿ. ತಾವು ತಪಾಸಣೆ ಮಾಡುವ ರೀತಿಯಲ್ಲೇ ಅದನ್ನು ಮನೆಯಲ್ಲಿ ಪರೀಕ್ಷಿಸಿ ನೋಡಿದ್ದೇನೆ, ಗಾಳಿಯಲ್ಲಿ, ಕೆಳಗೆ ಯಾರ ಮುಖವೂ ಇಲ್ಲದೆ. ಚೆನ್ನಾಗಿ ಎಳೆಯುತ್ತದೆ. ನಿಲ್ಲಿಸುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಇಂತಿ,
ತಮ್ಮ ಗಂಟಲು ಇಷ್ಟು ವರ್ಷ ಕೈಗೆ ಸಿಕ್ಕಿದ್ದರೂ ಸುಮ್ಮನೆ ಬಿಟ್ಟು ಕಳಿಸಿದ,
ಇಳಿಜಾರಿನ ಕೊನೆಯ ಕ್ಷೌರಿಕ