ಮುಂದಿನ ಸೀಟು

ಡೆಲ್ಮರ್ ಅಣ್ಣ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನಿನ್ನ ದೋಣಿಯನ್ನು ನೀರಿಗಿಳಿಸಿದೆ, ಒಬ್ಬಳೇ.

ಮೊದಲು ಓಪಲ್‌ಳ ಅಂಗಡಿಗೆ ಹೋಗಿ ಗಾಳದ ದಾರ ಕೇಳಿದೆ. "ಎಂಥದ್ದು ಕೊಡ್ಲಿ?" ಎಂದಳು.

"ಅಣ್ಣ ತಗೊಳ್ತಿದ್ದದ್ದೇ ಕೊಡು."

"ಅವನು ನೀರು ನೋಡ್ಕೊಂಡು ಬಂದು ಒಂದೊಂದ್ಸಲ ಒಂದೊಂದು ಥರದ್ದು ಕೇಳ್ತಿದ್ದ ಕಣೇ. ಇವತ್ತು ನೀರು ತಿಳಿಯಾಗಿದ್ಯಾ, ಕದಡಿದ್ಯಾ?"

ನಾನು ನೋಡಿರಲಿಲ್ಲ. ಅವಳು ಕೊಟ್ಟದ್ದನ್ನು ತಂದೆ.

ಸರೋವರದಲ್ಲಿ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತೆ. ದೋಣಿಯ ಮೂತಿ ಮೇಲೆದ್ದು, ಗಾಳಿಗೆ ಗಿರ್ರನೆ ತಿರುಗತೊಡಗಿತು. ದಡದಿಂದ ಮುದುಕ ವರ್ಲನ್ ಕೂಗಿದ: "ಏ ಡಾರ್ಲಾ, ಮುಂದೆ ಹೋಗೇ! ಮೋಟಾರ್ ಇರೋದು ಅಲ್ಲಿ. ಮಹಾರಾಣಿ ಥರ ಹಿಂದೆ ಕೂತ್ರೆ ಆಗುತ್ತಾ?"

ಎದ್ದು ನಿನ್ನ ಸೀಟಿನವರೆಗೆ ಹೋದೆ. ಬಕೆಟ್ಟಿಗೆ ನೀರು ತುಂಬಿ ಅದರ ಮೇಲಿಟ್ಟು, ಹಿಂದಕ್ಕೆ ಬಂದು ಕೂತೆ. ದೋಣಿ ಸಮವಾಯಿತು. ದೋಣಿಯನ್ನು ಗಾಳಿಗೆ ಸರಿಯದಂತೆ ಹಿಡಿಯುವ ಮೋಟಾರಿನ ಪೆಡಲ್ ಮಾತ್ರ ಮುಂದೆಯೇ ಇತ್ತು, ನನ್ನ ಕಾಲಿಗೆ ಎಟುಕಲಿಲ್ಲ.

ಜೊಂಡಿನ ಅಂಚಿನಲ್ಲಿ ದೊಡ್ಡದೊಂದು ಬಾಸ್ ಮೀನು ನೆಗೆಯಿತು. ಮುಂದೆ ಕೂತವರು ಮೊದಲು ಗಾಳ ಎಸೆಯಬೇಕು, ಹಿಂದಿನವರು ಆಮೇಲೆ. ನಾನು ಕೋಲು ಹಿಡಿದುಕೊಂಡು, ನೀನು ಎಸೆಯಲಿ ಎಂದು ಕಾದೆ. ಅಷ್ಟರಲ್ಲಿ ಗಾಳಿ ದೋಣಿಯನ್ನು ಜೊಂಡಿನಿಂದ ದೂರ ಒಯ್ದಿತ್ತು.

ಡಾರ್ಲಾ